ಆಯಿಯ ಪಗಾರ, ಮೊಮ್ಮಕ್ಕಳ ರೊಟ್ಟಿ

ತೊಗರಿಯ ರಾಶಿ ಮುಗಿಯಿತೆಂದರೆ ಚಿಂಚೋಳಿ ತಾಲ್ಲೂಕಿನ ಹಳ್ಳಿ, ತಾಂಡಾಗಳಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬೀಳತೊಡಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೈಗೆ ಬರುತ್ತದೆ. ಅಲ್ಲಿಂದ ಮುಂದಿನ ಮಳೆಯವರೆಗೆ ಈ ಒಣ ಬೇಸಾಯದ ಸೀಮೆಯಲ್ಲಿ ಕೂಲಿ ಅಪರೂಪ. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಬೀಗ ಬೀಳದ ಮನೆಗಳಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಮಕ್ಕಳು. ಚಿಮ್ಮನಚೋಡದ ಸುತ್ತಿನ ಮಾತಿನಲ್ಲಿ ಹೇಳುವುದಾದರೆ ಮುತ್ಯಾ, ಆಯಿ ಮತ್ತು ಮೊಮ್ಮಕ್ಕಳು.

ದಕ್ಷಿಣಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಕಡೆ ಸರಿದರೆ ನೆಲದ ಕೆಳಗೆ ಸುಣ್ಣಕಲ್ಲು. ಅಲ್ಲಿ ಕಲ್ಲಿನ ಗಣಿಗಳಿವೆ, ಸಿಮೆಂಟ್ ಕಾರ್ಖಾನೆಗಳಿವೆ. ಗಣಿಯ ದೂಳು, ಅಪಘಾತ, ಕುಡಿತ, ಕಾಯಿಲೆಗಳಿಂದ ಹರೆಯದಲ್ಲೇ ಮಗ ತೀರಿಕೊಂಡ ಮನೆಗಳಲ್ಲಿ ಸೊಸೆ ಕೂಲಿಗೆ ಹೋಗುತ್ತಾಳೆ ಅಥವಾ ಮತ್ತೊಂದು ಮದುವೆಯಾಗುತ್ತಾಳೆ. ಮಕ್ಕಳು ಆಯಿಯ ಮಡಿಲಿಗೆ ಬೀಳುತ್ತಾರೆ. ಒಂದು ಕಡೆ ವಲಸೆ, ಇನ್ನೊಂದು ಕಡೆ ಸಾವು. ದಾರಿ ಬೇರೆಯಾದರೂ ತಲಪುವ ಮನೆ ಒಂದೇ: ದುಡಿಯುವ ವಯಸ್ಸಿನವರಿಲ್ಲದ, ಮೊದಲ ತಲೆಮಾರು ಮೂರನೆಯ ತಲೆಮಾರನ್ನು ಸಾಕುವ ಮನೆ.

ಈ ಮನೆಯ ಖರ್ಚನ್ನು ಯಾರು ಹೊರಬೇಕು? ಪ್ರಶ್ನೆ ಹಳೆಯದು. ಆದರೆ ಸರ್ಕಾರ ಅದಕ್ಕೆ ಉತ್ತರ ಹುಡುಕತೊಡಗಿ ಅರವತ್ತು ವರ್ಷಗಳಷ್ಟೇ ಆಗಿವೆ. ಆ ಉತ್ತರವೂ ಒಂದೇ ಕಚೇರಿಯಿಂದ ಬರಲಿಲ್ಲ. ಮುದುಕರಿಗಾಗಿ ಒಂದು ಕಡತ ತೆರೆಯಿತು, ಮಕ್ಕಳಿಗಾಗಿ ಇನ್ನೊಂದು. ಮುದುಕಿಯೂ ಮಗುವೂ ಒಂದೇ ಒಲೆಯ ಮುಂದೆ ಕೂತಿರುವ ಮನೆ ಎರಡು ಕಡತಗಳ ನಡುವೆ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಇವೆರಡೂ ನಿಧಾನವಾಗಿ ಹತ್ತಿರ ಬಂದದ್ದರಲ್ಲಿಯೇ ಈ ನೆರವಿನ ಇತಿಹಾಸ ಅಡಗಿದೆ.

ದಾಸೋಹ ಮತ್ತು ಲಂಗರ್

ಅನಾಥ ಮಕ್ಕಳನ್ನೂ ಮುದುಕರನ್ನೂ ಪೊರೆಯುವುದು ರಾಜನ ಕರ್ತವ್ಯವೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ಹೇಳಿದೆ. ಶಕ್ತಿಯಿದ್ದೂ ತನ್ನವರನ್ನು ಸಾಕದವನಿಗೆ 12 ಪಣ ದಂಡವನ್ನೂ ಅದು ವಿಧಿಸಿದೆ. ಆದರೆ ಯಾರನ್ನು ಸಾಕಬೇಕು ಎಂಬ ಅಲ್ಲಿನ ಪಟ್ಟಿ ಕುತೂಹಲಕರವಾಗಿದೆ. ಹೆಂಡತಿ ಮಕ್ಕಳು, ತಂದೆ ತಾಯಿ, ಪ್ರಾಯಕ್ಕೆ ಬಾರದ ತಮ್ಮಂದಿರು, ಮದುವೆಯಾಗದ ಮತ್ತು ವಿಧವೆಯರಾದ ಸಹೋದರಿಯರು ಅದರಲ್ಲಿದ್ದಾರೆ. ಅಜ್ಜಿ ಮತ್ತು ಮೊಮ್ಮಗುವಿನ ಸಂಬಂಧ ಇಲ್ಲ. ನಡುವಿನ ತಲೆಮಾರು ಮನೆಯಲ್ಲಿ ಇದ್ದೇ ಇರುತ್ತದೆ ಎಂಬುದು ಆ ಪಟ್ಟಿಯ ಹಿಂದಿನ ನಂಬಿಕೆ. ಇಪ್ಪತ್ತನೆಯ ಶತಮಾನದ ಸರ್ಕಾರಿ ನಿಯಮಗಳನ್ನೂ ಬಹುಕಾಲ ಆಳಿದ್ದು ಇದೇ ನಂಬಿಕೆ.

ಕಲಬುರಗಿ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಆಡಳಿತದಲ್ಲಿ ಮನ್ಸಬ್, ವಜೀಫಾ, ಇನಾಮುಗಳ ರೂಪದಲ್ಲಿ ಜೀವನಾಂಶ ಪಡೆಯುವ ಕುಟುಂಬಗಳೇನೋ ಇದ್ದವು. ಅವು ದೊಡ್ಡ ಮನೆತನಗಳು, ಸೇವೆ ಸಲ್ಲಿಸಿದವರ ವಂಶಸ್ಥರು, ಧಾರ್ಮಿಕ ಸಂಸ್ಥೆಗಳಿಗೆ ಸೇರಿದವರು. ಕೂಲಿಯವನ ಮುದಿ ತಾಯಿಗೆ ಆ ಬಾಗಿಲು ತೆರೆದಿರಲಿಲ್ಲ. ಅವಳಿಗೆ ಉಳಿದದ್ದು ಬಂಧುಬಳಗ, ಊರ ಗೌಡನ ಮನೆಯ ಕಾಳು, ಮಠದ ದಾಸೋಹ ಮತ್ತು ದರ್ಗಾದ ಲಂಗರ್. ಕಲಬುರಗಿಯ ಶರಣಬಸವೇಶ್ವರರ ದಾಸೋಹ ಈ ನಾಡಿನ ಜನಮನದಲ್ಲಿ ಇಂದಿಗೂ ಅಚ್ಚಳಿಯದೆ ನಿಂತಿರುವುದಕ್ಕೆ ಕಾರಣ ಭಕ್ತಿಯೊಂದೇ ಅಲ್ಲ. ಹಸಿದು ಬಂದವನ ಕುಲ, ವಯಸ್ಸು, ಕಾಗದ ಕೇಳದ ವ್ಯವಸ್ಥೆ ಅದಾಗಿತ್ತು. ಬಂದೇನವಾಜರ ದರ್ಗಾದ ಅನ್ನಕ್ಕೂ ಇದೇ ಮಾತು ಸಲ್ಲುತ್ತದೆ.

ಆದರೆ ದಾಸೋಹ ಒಂದು ಹೊತ್ತಿನ ಹಸಿವಿಗೆ ಉತ್ತರ. ಹತ್ತು ಹನ್ನೆರಡು ವರ್ಷ ಒಂದು ಮಗುವನ್ನು ಬೆಳೆಸಿ, ಓದಿಸುವ ಖರ್ಚಿಗೆ ತಿಂಗಳು ತಿಂಗಳೂ ತಪ್ಪದೆ ಬರುವ ಹಣ ಬೇಕು. ಅಂಥ ಹಣದ ಕಲ್ಪನೆ ಬಂದದ್ದು ಪಿಂಚಣಿಯ ಮೂಲಕ.

ಮಗನಿದ್ದಾನೆ ಎಂಬ ತಕರಾರು

ದೇಶದಲ್ಲಿ ಬಡ ವೃದ್ಧರಿಗೆ ಪಿಂಚಣಿ ನೀಡುವ ಯೋಜನೆಯನ್ನು 1957ರಲ್ಲಿ ಆರಂಭಿಸಿದ್ದು ಉತ್ತರ ಪ್ರದೇಶ. ಕಲಬುರಗಿ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಒಂಬತ್ತು ವರ್ಷಗಳ ನಂತರ, 1965ರಲ್ಲಿ, ರಾಜ್ಯದಲ್ಲಿ ವೃದ್ಧಾಪ್ಯ ವೇತನ ಜಾರಿಗೆ ಬಂತು. ನಿರ್ಗತಿಕ ವಿಧವೆಯರ ವೇತನ ಬಂದದ್ದು 1984ರಲ್ಲಿ. ಉತ್ತರ ಕರ್ನಾಟಕದ ಮಾತಿನಲ್ಲಿ ಇದಕ್ಕೆ ಪಿಂಚಣಿ ಎಂಬುದಕ್ಕಿಂತ ಪಗಾರ ಎಂಬ ಹೆಸರೇ ಹೆಚ್ಚು ರೂಢಿ. ದುಡಿಯಲಾರದವರಿಗೆ ಬರುವ ಹಣಕ್ಕೆ ದುಡಿಮೆಯ ಹೆಸರು ಬಂದದ್ದು ಅರ್ಥಪೂರ್ಣವೇ ಆಗಿದೆ. ಜೀವಮಾನವಿಡೀ ಹೊಲಗೆಲಸ ಮಾಡಿದವರಿಗೆ ಅದು ತಡವಾಗಿ ಬಂದ ಕೂಲಿ.

ಅಂಚೆಯವನು ಮನಿಯಾರ್ಡರ್ ತರುತ್ತಿದ್ದ ಆ ಕಾಲದಲ್ಲಿ ಈ ವೇತನ ಪಡೆಯಲು ವಯಸ್ಸು, ಬಡತನಗಳ ಜೊತೆಗೆ ಇನ್ನೊಂದು ಅರ್ಹತೆ ಬೇಕಿತ್ತು. ಅರ್ಜಿದಾರರು ನಿರ್ಗತಿಕರಾಗಿರಬೇಕು, ಅಂದರೆ ಸಾಕುವವರು ಯಾರೂ ಇರಬಾರದು. ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿ, 65 ದಾಟಿದವರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿದಾಗಲೂ ಇದೇ ಮಾತಿತ್ತು. ಸ್ವಂತ ಆದಾಯವಾಗಲಿ, ಕುಟುಂಬದವರ ಆಸರೆಯಾಗಲಿ ಇಲ್ಲದವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಅದರ ಮೇಲೆ ಪ್ರತಿ ರಾಜ್ಯಕ್ಕೂ ಇಷ್ಟೇ ಫಲಾನುಭವಿಗಳು ಎಂಬ ಮಿತಿಯೂ ಇತ್ತು.

ಕಾಗದದ ಮೇಲೆ ನ್ಯಾಯವಾಗಿ ಕಾಣುವ ಈ ನಿಯಮ ವಲಸೆಯ ಸೀಮೆಯಲ್ಲಿ ತಿರುಗುಬಾಣವಾಯಿತು. ಆಯಿಗೆ ಮಗನಿದ್ದಾನೆ. ಅವನು ಗಟ್ಟಿಮುಟ್ಟಾಗಿದ್ದಾನೆ, ಪುಣೆಯಲ್ಲಿ ದುಡಿಯುತ್ತಾನೆ. ಹೀಗಾಗಿ ಅವಳು ನಿರ್ಗತಿಕಳಲ್ಲ. ಅವನು ಕಳಿಸುವ ಹಣ ಮುಂಗಡದ ಸಾಲಕ್ಕೆ ಮುರಿದು, ಅಲ್ಲಿನ ಬಾಡಿಗೆಗೆ ಹೋಗಿ, ಉಳಿದರೆ ಊರಿಗೆ ಬರುತ್ತದೆ. ಅವನೇ ತನ್ನ ಎರಡು ಮಕ್ಕಳನ್ನೂ ಅವಳ ಬಳಿ ಬಿಟ್ಟುಹೋಗಿದ್ದಾನೆ. ನಿಯಮದ ಕಣ್ಣಿಗೆ ಅವಳು ಸಾಕಿಸಿಕೊಳ್ಳುವವಳು, ವಾಸ್ತವದಲ್ಲಿ ಸಾಕುವವಳು. ಗಣತಿ ತಲೆಕೆಳಗಾದದ್ದು ಇಲ್ಲಿ.

ಇದೇ 1995ರ ಕಾರ್ಯಕ್ರಮದಲ್ಲಿ ಇನ್ನೊಂದು ಭಾಗವಿತ್ತು. ಬಡ ಕುಟುಂಬದಲ್ಲಿ ದುಡಿಯುವ ವ್ಯಕ್ತಿ ಸತ್ತರೆ ಒಂದು ಸಲದ ಪರಿಹಾರ ಕೊಡುವ ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಆರಂಭದಲ್ಲಿ ಸಹಜ ಸಾವಿಗೆ 5,000 ರೂಪಾಯಿ ಇದ್ದದ್ದು 2012ರಲ್ಲಿ 20,000ಕ್ಕೆ ಏರಿತು. ಮಗನನ್ನು ಕಳೆದುಕೊಂಡ ಮನೆಗೆ ಇದು ಮೊದಲ ಕೆಲವು ತಿಂಗಳ ಆಸರೆ, ಅಷ್ಟೆ. ಮಕ್ಕಳು ಬೆಳೆಯಲು ಬೇಕಾಗುವುದು ವರ್ಷಗಳು.

ನ್ಯಾಯಾಲಯದ ದಾರಿ

ಬದಲಾವಣೆಯ ಮೊದಲ ಹೆಜ್ಜೆ ಬಂದದ್ದು ಕಂದಾಯ ಇಲಾಖೆಯಿಂದಲ್ಲ, ಸುಪ್ರೀಂ ಕೋರ್ಟಿನಿಂದ. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿರುವುದೇಕೆ ಎಂದು ಪ್ರಶ್ನಿಸಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ 2001ರ ಏಪ್ರಿಲ್‌ನಲ್ಲಿ ಅರ್ಜಿ ಸಲ್ಲಿಸಿತು. ಅದೇ ವರ್ಷ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಹಲವು ಸರ್ಕಾರಿ ಯೋಜನೆಗಳನ್ನು ದಯೆಯ ಪಟ್ಟಿಯಿಂದ ತೆಗೆದು ಹಕ್ಕಿನ ಪಟ್ಟಿಗೆ ಸೇರಿಸಿತು. ವೃದ್ಧಾಪ್ಯ ಪಿಂಚಣಿ ಪ್ರತಿ ತಿಂಗಳು 7ನೇ ತಾರೀಖಿನೊಳಗೆ ತಲಪಬೇಕೆಂದೂ, ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದೂ ಅದು ಹೇಳಿತು. ಮುದುಕಿ ಮತ್ತು ಮಗು ಒಂದೇ ಆದೇಶದಲ್ಲಿ ಕಾಣಿಸಿಕೊಂಡದ್ದು ಕಾಕತಾಳೀಯವಿರಬಹುದು. ಆದರೆ ಅವರಿಬ್ಬರೂ ಒಂದೇ ಮನೆಯಲ್ಲಿದ್ದರು.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಆರಂಭವಾದದ್ದು ರಾಜ್ಯದ ಏಳು ಹಿಂದುಳಿದ ಜಿಲ್ಲೆಗಳಲ್ಲಿ. ಗುಲಬರ್ಗಾ ಅವುಗಳಲ್ಲೊಂದು. ಮಠದ ಪದ ಸರ್ಕಾರದ ಕಡತಕ್ಕೆ ಬಂತು. ಮೊಮ್ಮಕ್ಕಳನ್ನು ಸಾಕುವ ಆಯಿಯ ಲೆಕ್ಕದಲ್ಲಿ ಬಿಸಿಯೂಟವೆಂದರೆ ದಿನಕ್ಕೆ ಒಂದು ಮಗುವಿನ ಒಂದು ಹೊತ್ತಿನ ರೊಟ್ಟಿ ಉಳಿತಾಯ. ಅಷ್ಟೇ ಅಲ್ಲ, ಮಧ್ಯಾಹ್ನದವರೆಗೆ ಮಗು ಎಲ್ಲಿದೆ ಎಂಬ ಚಿಂತೆಯೂ ಇಲ್ಲ. ಶಾಲೆಗೆ ರಜೆ ಬಂದಾಗ ಆ ಹೊತ್ತಿನ ಊಟ ಮತ್ತೆ ಅವಳ ಒಲೆಗೇ ಮರಳುತ್ತದೆ.

ಇನ್ನೂ ಮುಖ್ಯವಾದ ಆದೇಶ 2003ರ ಮೇ 2ರದು. ಕಡುಬಡವರಿಗಾಗಿ 2000ದ ಡಿಸೆಂಬರ್‌ನಲ್ಲಿ ಆರಂಭವಾಗಿದ್ದ ಅಂತ್ಯೋದಯ ಪಡಿತರ ಯಾರಿಗೆ ಸಲ್ಲಬೇಕೆಂದು ಅದು ವಿವರಿಸಿತು. ಆಸರೆಯಿಲ್ಲದ ವೃದ್ಧರು, ವಿಧವೆಯರು, ಒಂಟಿ ಹೆಂಗಸರ ಜೊತೆಗೆ ಮತ್ತೊಂದು ವರ್ಗವನ್ನು ಅದು ಸೇರಿಸಿತು. ಮುಪ್ಪು, ಅಶಕ್ತತೆ, ಮನೆಯಲ್ಲಿರುವ ಅಂಗವಿಕಲರ ಆರೈಕೆ ಮುಂತಾದ ಕಾರಣಗಳಿಂದ ಹೊರಗೆ ದುಡಿಯಲು ವಯಸ್ಕರೇ ಇಲ್ಲದ ಕುಟುಂಬ! ಮುತ್ಯಾ, ಆಯಿ, ಮೊಮ್ಮಕ್ಕಳ ಮನೆಯ ಚಿತ್ರ ಸರ್ಕಾರಿ ಭಾಷೆಯಲ್ಲಿ ಇಷ್ಟು ಹತ್ತಿರದಿಂದ ಮೂಡಿದ್ದು ಬಹುಶಃ ಆಗಲೇ. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯ. ತಲೆ ಎಣಿಸಿ ಕೊಡುವ ಕಾರ್ಡಿಗಿಂತ, ಇಬ್ಬರು ಮೂವರ ಇಂಥ ಮನೆಗೆ ಇದು ಹೆಚ್ಚು ಅನುಕೂಲ.

ಮುಂದಿನ ತಿರುವು 2007ರದು. ಕೇಂದ್ರದ ಪಿಂಚಣಿ ಇಂದಿರಾ ಗಾಂಧಿಯವರ ಹೆಸರು ಪಡೆಯಿತು. ‘ನಿರ್ಗತಿಕ’ ಎಂಬ ಪದ ಹೋಗಿ ‘ಬಡತನ ರೇಖೆಗಿಂತ ಕೆಳಗಿನ ಕುಟುಂಬ’ ಎಂಬ ಮಾತು ಬಂತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು. 2007ರ ಜುಲೈನಲ್ಲಿಯೇ ಕರ್ನಾಟಕ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಅಸಂಘಟಿತ ಕಾರ್ಮಿಕರು ಇದರ ವ್ಯಾಪ್ತಿಗೆ ಬಂದರು. ಇಲ್ಲಿ ಎಣಿಸುವುದು ಗಂಡ ಹೆಂಡತಿಯ ಆದಾಯವನ್ನು, ಮಗನದನ್ನಲ್ಲ. ಪುಣೆಯ ಮಗ ಲೆಕ್ಕದಿಂದ ಹೊರಬಿದ್ದ. ವಲಸೆಯ ಸೀಮೆಗೆ ಇದಕ್ಕಿಂತ ದೊಡ್ಡ ಸುಧಾರಣೆ ಬೇರೆ ಇರಲಿಲ್ಲ ಎನ್ನಬಹುದು.

ಆರಂಭದಲ್ಲಿ ತಿಂಗಳಿಗೆ 400 ರೂಪಾಯಿಯಿದ್ದ ಈ ವೇತನ ಹಂತಹಂತವಾಗಿ ಏರಿ 2018ರಲ್ಲಿ 1,000ಕ್ಕೆ, 2021ರಲ್ಲಿ 1,200ಕ್ಕೆ ತಲಪಿತು. ಕೇಂದ್ರದ ಪಾಲು ಮಾತ್ರ 80 ವರ್ಷ ತುಂಬುವವರೆಗೆ 200 ರೂಪಾಯಿಯಲ್ಲೇ ನಿಂತು, ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕದಲಲಿಲ್ಲ. 1,200 ರೂಪಾಯಿ ಎಂದರೆ ದಿನಕ್ಕೆ 40 ರೂಪಾಯಿ. ಒಂಟಿ ಆಯಿ ಮತ್ತು ಇಬ್ಬರು ಮೊಮ್ಮಕ್ಕಳ ಮನೆಯಲ್ಲಿ ತಲೆಗೆ 13 ರೂಪಾಯಿ ಚಿಲ್ಲರೆ. ವೃದ್ಧಾಪ್ಯ ವೇತನವನ್ನು ಒಬ್ಬರ ಹೊಟ್ಟೆಗೆಂದು ನಿಗದಿ ಮಾಡಲಾಗಿದೆ. ಅದು ಹಂಚಿಹೋಗುವುದು ಮೂವರಿಗೆ.

ದೂರದ ಒಂದು ಪಾಠ

ಹೀಗೆ ಹಂಚಿಹೋಗುವ ಹಣದಿಂದ ಮಗುವಿಗೆ ನಿಜವಾಗಿ ಪ್ರಯೋಜನವಿದೆಯೇ? ಈ ಪ್ರಶ್ನೆಗೆ ದಕ್ಷಿಣ ಆಫ್ರಿಕದಿಂದ ಒಂದು ಉತ್ತರ ಬಂದಿದೆ. ಅಲ್ಲಿಯೂ ಗಣಿ, ನಗರಗಳಿಗೆ ದುಡಿಯಲು ಹೋದ ತಂದೆತಾಯಿಗಳು, ಊರಲ್ಲಿ ಅಜ್ಜಿಯ ಬಳಿ ಉಳಿದ ಮಕ್ಕಳು. ವರ್ಣಭೇದ ನೀತಿಯ ಕೊನೆಗಾಲದಲ್ಲಿ, 1990ರ ದಶಕದ ಆರಂಭದಲ್ಲಿ, ಬಿಳಿಯರಿಗೆ ಸಿಗುತ್ತಿದ್ದ ವೃದ್ಧಾಪ್ಯ ಪಿಂಚಣಿಯ ಪ್ರಮಾಣವನ್ನೇ ಕರಿಯರಿಗೂ ವಿಸ್ತರಿಸಲಾಯಿತು. ಆ ಮನೆಗಳ ಮಕ್ಕಳ ತೂಕ, ಎತ್ತರಗಳ ಅಂಕಿ ಅಂಶಗಳನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಪರಿಶೀಲಿಸಿದರು. ಮುಂದೆ 2019ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು ಇವರು.

2003ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಗಮನಾರ್ಹ. ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ದೇಹದ ಬೆಳವಣಿಗೆ ಸ್ಪಷ್ಟವಾಗಿ ಸುಧಾರಿಸಿತ್ತು. ಹಣ ಅಜ್ಜನ ಕೈಗೆ ಬಂದ ಮನೆಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಮುದುಕಿಗೆ ಕೊಟ್ಟ ಹಣ ಮೊಮ್ಮಗಳ ಮೈಗೆ ಹತ್ತಿತ್ತು! ಆದರೆ ಅಲ್ಲಿನ ಪಿಂಚಣಿ ಸಣ್ಣದಾಗಿರಲಿಲ್ಲ. ಕರಿಯರ ಮಧ್ಯಮ ತಲಾ ಆದಾಯದ ಸುಮಾರು ಎರಡರಷ್ಟಿತ್ತು. ಪಿಂಚಣಿ ಮಗುವಿನ ಪೋಷಣೆಯೂ ಹೌದು. ಆದರೆ ಅದಕ್ಕೆ ಮೊತ್ತವೂ ತಕ್ಕಷ್ಟಿರಬೇಕು ಎಂಬುದು ಇಲ್ಲಿನ ಪಾಠ.

ಮಗುವಿನ ಕಡತ

ಇನ್ನೊಂದು ಕಡತ ಮಗುವಿನದು. ಅದರ ಇತಿಹಾಸ ಬೇರೆ ಹಾದಿಯಲ್ಲಿ ಸಾಗಿತು. 1964ರ ರಾಜ್ಯದ ಮಕ್ಕಳ ಕಾಯ್ದೆಯಿಂದ 1986ರ ಕೇಂದ್ರದ ಬಾಲನ್ಯಾಯ ಕಾಯ್ದೆಯವರೆಗೆ, ಆಸರೆಯಿಲ್ಲದ ಮಗುವಿಗೆ ಸರ್ಕಾರ ತೋರಿಸುತ್ತಿದ್ದ ದಾರಿ ಮುಖ್ಯವಾಗಿ ಸಂಸ್ಥೆಯದು: ಬಾಲಮಂದಿರ, ಅನಾಥಾಲಯ, ನಿರ್ಗತಿಕ ಮಕ್ಕಳ ಕುಟೀರ. ಇಲ್ಲಿ ಒಂದು ವಿಪರ್ಯಾಸವಿತ್ತು. ಮಗುವನ್ನು ಸಂಸ್ಥೆಗೆ ಸೇರಿಸಿದರೆ ಅದರ ಊಟ, ಬಟ್ಟೆ, ಹಾಸಿಗೆಗಳ ಖರ್ಚಿಗೆ ಸರ್ಕಾರದ ಅನುದಾನ ಸಿಗುತ್ತಿತ್ತು. ಅದೇ ಮಗುವನ್ನು ಆಯಿ ತನ್ನ ಗುಡಿಸಲಿನಲ್ಲಿ ಇಟ್ಟುಕೊಂಡರೆ ಏನೂ ಇರಲಿಲ್ಲ. ಬಡತನದ ಕಾರಣಕ್ಕೇ ಮೊಮ್ಮಗುವನ್ನು ಬಿಟ್ಟುಕೊಡಬೇಕಾದ ಸ್ಥಿತಿ ಅದು.

ಈ ವಿಪರ್ಯಾಸ ಭಾರತದ್ದೊಂದೇ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯ ಪರರ ಮನೆಯಲ್ಲಿ ಬೆಳೆಯುವ ಮಗುವಿಗೆ ಕೊಡುತ್ತಿದ್ದ ಪೋಷಣಾ ಭತ್ಯೆಯನ್ನು ರಕ್ತಸಂಬಂಧಿಗಳ ಮನೆಯಲ್ಲಿ ಬೆಳೆಯುವ ಮಗುವಿಗೆ ಕೊಡುತ್ತಿರಲಿಲ್ಲ. 1979ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಸಂಬಂಧಿಕರೆಂಬ ಕಾರಣಕ್ಕೆ ಕೇಂದ್ರದ ಆ ನೆರವನ್ನು ನಿರಾಕರಿಸುವಂತಿಲ್ಲ ಎಂದಿತು. ಮೊಮ್ಮಗುವನ್ನು ಸಾಕುವುದು ಕರುಳಿನ ಕೆಲಸವಾದ್ದರಿಂದ ಅದಕ್ಕೆ ಹಣ ಬೇಡ ಎಂಬ ವಾದ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಕರುಳಿದ್ದರೆ ಸಾಲದು, ಕಾಳೂ ಬೇಕು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿದ ಮೇಲೆ, ಮಗು ಬೆಳೆಯಬೇಕಾದದ್ದು ಕುಟುಂಬದಲ್ಲಿ ಎಂಬ ವಿಚಾರಕ್ಕೆ ಬಲ ಬಂತು. 2000ದ ಬಾಲನ್ಯಾಯ ಕಾಯ್ದೆಯಲ್ಲಿ ‘ಪ್ರಾಯೋಜಕತ್ವ’ ಎಂಬ ಹೊಸ ಪದ ಕಾಣಿಸಿಕೊಂಡಿತು. ಮಗುವನ್ನು ಸಂಸ್ಥೆಗೆ ಕಳಿಸುವ ಬದಲು ಅದಿರುವ ಮನೆಗೇ ಹಣ ಕಳಿಸುವುದು ಇದರ ಅರ್ಥ. 2009ರಲ್ಲಿ ಆರಂಭವಾದ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಇದಕ್ಕೆ ಹಣದ ಏರ್ಪಾಡು ಮಾಡಿತು. 2015ರ ಹೊಸ ಕಾಯ್ದೆಯ 45ನೇ ಕಲಂ ಇದನ್ನು ಮತ್ತಷ್ಟು ಸ್ಪಷ್ಟಗೊಳಿಸಿತು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಮೊತ್ತವನ್ನು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಗೆ ಏರಿಸಿತು. ಅನಾಥರಾಗಿ ಬಂಧುಗಳ ಮನೆಯಲ್ಲಿರುವ ಮಕ್ಕಳು, ವಿಧವೆಯರ ಮತ್ತು ಪರಿತ್ಯಕ್ತ ತಾಯಂದಿರ ಮಕ್ಕಳು, ಮಾರಕ ಕಾಯಿಲೆಯ ಅಥವಾ ದುಡಿಯಲಾರದ ಸ್ಥಿತಿಯಲ್ಲಿರುವ ತಂದೆತಾಯಿಗಳ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಿರಬಾರದು.

ಕೋವಿಡ್ ಕಾಲದಲ್ಲಿ ಈ ಕಡತ ಒಮ್ಮೆಲೇ ತೆರೆದುಕೊಂಡಿತು. 2021ರ ಮೇ ಕೊನೆಯಲ್ಲಿ ಕರ್ನಾಟಕ ಸರ್ಕಾರ ಬಾಲ ಸೇವಾ ಯೋಜನೆಯನ್ನು ಪ್ರಕಟಿಸಿ, ತಂದೆತಾಯಿಗಳನ್ನು ಕೋವಿಡ್‌ನಿಂದ ಕಳೆದುಕೊಂಡ ಮಗುವನ್ನು ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿ ಕೊಡುವುದಾಗಿ ಹೇಳಿತು. ಅದೇ ಸಮಯದಲ್ಲಿ ಕೇಂದ್ರವೂ ಇಂಥ ಮಕ್ಕಳಿಗೆ 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ ದೊರೆಯುವ ಯೋಜನೆಯನ್ನು ಪ್ರಕಟಿಸಿತು. ಮೊಮ್ಮಗುವನ್ನು ಸಾಕುವ ಅಜ್ಜಿ ಹಣಕ್ಕೆ ಅರ್ಹಳು ಎಂಬ ತತ್ತ್ವವನ್ನು ಸರ್ಕಾರ ಆಗ ನೇರವಾಗಿಯೇ ಒಪ್ಪಿತು. ಕೋವಿಡ್‌ನಿಂದ ಸತ್ತ ತಂದೆಯ ಮಗುವಿನ ಹಸಿವಿಗೂ ಗಣಿಯ ದೂಳಿನಿಂದ ಸತ್ತ ತಂದೆಯ ಮಗುವಿನ ಹಸಿವಿಗೂ ವ್ಯತ್ಯಾಸವೇನು ಎಂಬ ಪ್ರಶ್ನೆಯೂ ಅದರ ಬೆನ್ನಲ್ಲೇ ಹುಟ್ಟಿತು.

ಈ ವಿಷಯದಲ್ಲಿ ಕೆಲವು ರಾಜ್ಯಗಳು ಮೊದಲೇ ಹೆಜ್ಜೆಯಿಟ್ಟಿದ್ದವು. ರಾಜಸ್ಥಾನ 2005ರಲ್ಲಿಯೇ ಪಾಲನ್‌ಹಾರ್ ಯೋಜನೆಯ ಮೂಲಕ ಅನಾಥ ಮಕ್ಕಳನ್ನು ಸಾಕುವ ಬಂಧುಗಳಿಗೆ ಮಾಸಿಕ ನೆರವು ಕೊಡತೊಡಗಿತು. ಗುಜರಾತಿನ ಪಾಲಕ ಮಾತಾ–ಪಿತಾ ಯೋಜನೆ ತಂದೆ ಸತ್ತು ತಾಯಿ ಮರುಮದುವೆಯಾದ ಮಕ್ಕಳನ್ನೂ ಒಳಗೊಂಡಿದೆ. ಚಿಂಚೋಳಿಯಿಂದ ಹೆಚ್ಚು ದೂರವಿಲ್ಲದ ಮಹಾರಾಷ್ಟ್ರದಲ್ಲಿ ಬಾಲ ಸಂಗೋಪನ ಯೋಜನೆಯ ಮಾಸಿಕ ಮೊತ್ತ 2023ರಲ್ಲಿ 1,100ರಿಂದ 2,250 ರೂಪಾಯಿಗೆ ಏರಿತು.

ಕಾಗದಪತ್ರಗಳ ಲೆಕ್ಕ

ಈ ಎಲ್ಲ ನೆರವು ಚಿಮ್ಮನಚೋಡದ ಒಂದು ಮನೆಗೆ ತಲಪಬೇಕಾದರೆ ನಾಲ್ಕೈದು ಬಾಗಿಲು ತಟ್ಟಬೇಕಾಗುತ್ತದೆ. ಪಿಂಚಣಿಗೆ ನಾಡಕಚೇರಿ. ಪಡಿತರ ಚೀಟಿಗೆ ಆಹಾರ ಇಲಾಖೆ. ಆರು ವರ್ಷದೊಳಗಿನ ಮಗುವಿನ ಪೌಷ್ಟಿಕ ಆಹಾರಕ್ಕೆ ಅಂಗನವಾಡಿ. ಪ್ರಾಯೋಜಕತ್ವದ ಹಣಕ್ಕೆ ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ತಂದೆ ಸಿಮೆಂಟ್ ಕಾರ್ಖಾನೆಯಲ್ಲಿದ್ದು ಭವಿಷ್ಯನಿಧಿಗೆ ಸೇರಿದ್ದವನಾದರೆ ಮತ್ತೊಂದು ಬಾಗಿಲಿದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ 25 ವರ್ಷದವರೆಗೆ ಅನಾಥ ಪಿಂಚಣಿಯಿದೆ. ವಿಧವಾ ಪಿಂಚಣಿಯ ಮುಕ್ಕಾಲು ಪಾಲು ಅದರ ಪ್ರಮಾಣ. ಗುತ್ತಿಗೆ ಕೂಲಿಯವನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಅವನ ಸಾವಿನ ನಂತರವಾದರೂ ವಿಚಾರಿಸುವುದು ಒಳ್ಳೆಯದು.

ಇವುಗಳಲ್ಲಿ ಒಂದನ್ನು ಪಡೆದರೆ ಇನ್ನೊಂದು ತಪ್ಪುತ್ತದೆ ಎಂಬ ಅಂಜಿಕೆ ಹಳ್ಳಿಗಳಲ್ಲಿರುವುದು ಸಹಜ. ಪಿಂಚಣಿ ಆಯಿಯದು, ಪ್ರಾಯೋಜಕತ್ವದ ಹಣ ಮಗುವಿನದು. ಅವು ಎರಡು ಬೇರೆ ಇಲಾಖೆಗಳ, ಬೇರೆ ಬೇರೆ ವ್ಯಕ್ತಿಗಳ ನೆರವು. ಆದಾಯದ ಮಿತಿಯೊಳಗಿರುವ ಮನೆ ಎರಡಕ್ಕೂ ಅರ್ಜಿ ಹಾಕಬಹುದು.

ಅರ್ಜಿ ನಿಲ್ಲುವುದು ಸಾಮಾನ್ಯವಾಗಿ ಕಾಗದದ ಕೊರತೆಯಿಂದ. ಮೊದಲನೆಯದು ಮರಣ ಪ್ರಮಾಣಪತ್ರ. ಊರಿನಿಂದ ದೂರದ ಕೆಲಸದ ಜಾಗದಲ್ಲಿ ಸತ್ತವನ ಪ್ರಮಾಣಪತ್ರ ಸಿಗುವುದು ಅವನು ಸತ್ತ ಊರಿನಲ್ಲಿ. ಅದನ್ನು ಆಗಲೇ ಪಡೆಯದಿದ್ದರೆ ವರ್ಷಗಳ ನಂತರ ಮುತ್ಯಾ ಪುಣೆಗೋ ಹೈದರಾಬಾದಿಗೋ ಅಲೆಯಬೇಕು. ಎರಡನೆಯದು ಪಡಿತರ ಚೀಟಿಯಲ್ಲಿ ಮಗುವಿನ ಹೆಸರು. ಮೊಮ್ಮಕ್ಕಳು ಆಯಿಯ ಮನೆಯಲ್ಲಿದ್ದು ಹೆಸರು ಮಾತ್ರ ತಂದೆಯ ಕಾರ್ಡಿನಲ್ಲಿದ್ದರೆ, ಅನ್ನ ಒಂದು ಕಡೆ, ಬಾಯಿ ಇನ್ನೊಂದು ಕಡೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕಾರ್ಡಿನಲ್ಲಿ ಯಜಮಾನಿ ಮನೆಯ ಹಿರಿಯ ಹೆಂಗಸು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಕಾರ್ಡಿನ ಯಜಮಾನಿಗೇ. ಆದ್ದರಿಂದ ಆಯಿಯ ಹೆಸರು ಯಾವ ಕಾರ್ಡಿನಲ್ಲಿ, ಯಾವ ಸ್ಥಾನದಲ್ಲಿದೆ ಎಂಬುದು ಸಣ್ಣ ವಿಷಯವಲ್ಲ.

ಮೂರನೆಯದು ಪೋಷಕತ್ವ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಮಗುವಿನ ಸಹಜ ಪೋಷಕರು ತಂದೆ, ಆನಂತರ ತಾಯಿ. ಅಜ್ಜ ಅಜ್ಜಿ ಆ ಪಟ್ಟಿಯಲ್ಲಿಲ್ಲ. ಹತ್ತು ವರ್ಷ ಮಗುವನ್ನು ಸಾಕಿದ ಆಯಿಯ ಹೆಬ್ಬೆಟ್ಟು ಬ್ಯಾಂಕಿನಲ್ಲಿ ನಡೆಯದೆ ಹೋಗುವುದು ಇದರಿಂದ. ಅನಾಥ ಮಗುವಿನ ವಿಷಯದಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಮಗು ತನ್ನ ಪಾಲನೆಯಲ್ಲಿದೆ ಎಂಬುದನ್ನು ದಾಖಲಿಸಿಕೊಳ್ಳುವುದು ಮುಂದಿನ ಅನೇಕ ತೊಡಕುಗಳಿಗೆ ಪರಿಹಾರ. ದಾರಿ ತೋಚದಿದ್ದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಉಳಿದ ಪ್ರಶ್ನೆ

ಇಷ್ಟೆಲ್ಲದರ ನಂತರವೂ ಒಂದು ಮನೆ ಹೊರಗೇ ಉಳಿಯುತ್ತದೆ. ತಂದೆತಾಯಿ ಸತ್ತ ಮಗುವಿಗೆ ಇಂದು ಒಂದು ಹಾದಿಯಿದೆ. ತಂದೆತಾಯಿ ಬದುಕಿದ್ದು ದುಡಿಯಲು ಹೋದ ಮಗುವಿಗೆ ಪ್ರಾಯೋಜಕತ್ವದ ಪಟ್ಟಿಯಲ್ಲಿ ಜಾಗವಿಲ್ಲ. ಅಂಥ ಮಕ್ಕಳಿಗಾಗಿ ಕಲಬುರಗಿ ಜಿಲ್ಲೆಯಲ್ಲಿ ಹಂಗಾಮಿ ವಸತಿನಿಲಯಗಳ ಪ್ರಯೋಗ ನಡೆದದ್ದುಂಟು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ. ಅವೂ ಮಗುವನ್ನು ಮನೆಯಿಂದ ಹೊರಗೆ ಕರೆದೊಯ್ಯುವ ಉತ್ತರಗಳೇ. ಮನೆಯಲ್ಲೇ ಉಳಿದ ಮಗುವಿನ ಪಾಲಿಗೆ ಆಯಿಯ ಪಗಾರ, ಶಾಲೆಯ ಊಟ ಮತ್ತು ಪಡಿತರ ಇವು ಮೂರೇ ಆಧಾರ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಚಿಂಚೋಳಿ ಅವುಗಳಲ್ಲೊಂದು. 371(ಜೆ) ವಿಧಿಯ ಮೂಲಕ ಈ ಭಾಗಕ್ಕೆ ವಿಶೇಷ ಸ್ಥಾನಮಾನ ದೊರೆತ ಮೇಲೆ ಶಾಲೆ, ರಸ್ತೆ, ನೌಕರಿಗಳ ಲೆಕ್ಕ ನಡೆದಿದೆ. ಊರಲ್ಲೇ ಕೆಲಸ ಸಿಕ್ಕಿ ವಲಸೆ ನಿಂತರೆ ಮೊಮ್ಮಕ್ಕಳ ಪ್ರಶ್ನೆಯ ಅರ್ಧ ಭಾಗ ತಾನಾಗಿಯೇ ಬಗೆಹರಿಯುತ್ತದೆ.

2007ರಲ್ಲಿ ಸಂಸತ್ತು ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯನ್ನು ಒಪ್ಪಿತು. ಅದರಲ್ಲಿ ‘ಮಕ್ಕಳು’ ಎಂಬ ಪದಕ್ಕೆ ಮೊಮ್ಮಗ, ಮೊಮ್ಮಗಳು ಎಂಬ ಅರ್ಥವೂ ಸೇರಿದೆ. ಪ್ರಾಯಕ್ಕೆ ಬಂದ ಮೊಮ್ಮಗ ಅಜ್ಜಿಯನ್ನು ಸಾಕದಿದ್ದರೆ ಅವಳು ಜೀವನಾಂಶ ಕೇಳಬಹುದು. ಕೌಟಿಲ್ಯನ ಪಟ್ಟಿಯಲ್ಲಿ ಇಲ್ಲದಿದ್ದ ಸಂಬಂಧ ಕೊನೆಗೂ ಕಾಯ್ದೆಯ ಪುಸ್ತಕಕ್ಕೆ ಬಂತು, ಆದರೆ ಒಂದೇ ದಿಕ್ಕಿನಲ್ಲಿ. ಮೊಮ್ಮಗ ದೊಡ್ಡವನಾದ ಮೇಲೆ ಆಯಿಗೆ ಏನು ಕೊಡಬೇಕು ಎಂಬುದನ್ನು ಕಾನೂನು ಹೇಳುತ್ತದೆ. ಅವನು ದೊಡ್ಡವನಾಗುವವರೆಗೆ ಅವಳು ಒಲೆ ಹಚ್ಚುವುದು ಹೇಗೆ ಎಂಬುದಕ್ಕೆ ಉತ್ತರ ಇನ್ನೂ ನಾಲ್ಕು ಕಚೇರಿಗಳಲ್ಲಿ ಹಂಚಿಹೋಗಿದೆ.